ಎರಡೂ ಕೈ ಬಿಟ್ಟು ಸೈಕಲ್ ಹೊಡೆದ ಕೇಸು

ಮನುಷ್ಯನಾದವನಿಗೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಏನಾದರೂ ಒಂದು ಇರಬೇಕು. ನಮ್ಮ ಬೂದಿಗೆರೆಯಲ್ಲಿ ಒಬ್ಬರಿಗೆ ತಾತ ತೋಡಿಸಿದ ಬಾವಿಯ ಹೆಮ್ಮೆ. ಬಾವಿ ಬತ್ತಿ ಎಷ್ಟೋ ಕಾಲವಾಯಿತು, ಹೆಮ್ಮೆ ಮಾತ್ರ ಈಗಲೂ ಕಂಠಮಟ್ಟ ತುಂಬಿದೆ. ಪ್ರೈಮರಿ ಸ್ಕೂಲಿನ ಮೇಷ್ಟ್ರಾದ ನನಗೆ ಬಾವಿಯೂ ಇರಲಿಲ್ಲ, ಅದನ್ನು ತೋಡಿಸುವಂಥ ತಾತನೂ ಇರಲಿಲ್ಲ. ಆದರೆ ನನಗೆ ಕೋರ್ಟಿನಲ್ಲಿ ಶಿಕ್ಷೆಯಾಗಿದೆ. ದಯವಿಟ್ಟು ನಗಬೇಡಿ, ಅಪರಾಧ ಎಂಥದ್ದು ಅಂತ ಮೊದಲು ಕೇಳಿ. ಮುಸ್ಸಂಜೆಯ ಹೊತ್ತಿನಲ್ಲಿ, ದೀಪವಿಲ್ಲದ ಸೈಕಲ್ಲಿನ ಮೇಲೆ, ತಲೆಯ ಮೇಲೊಂದು ಚಕ್ಕೋತದ ಬುಟ್ಟಿ ಹೊತ್ತು, ಆ ಬುಟ್ಟಿಯನ್ನು ಹಿಡಿದುಕೊಳ್ಳುವ ಸಲುವಾಗಿ ಹ್ಯಾಂಡಲ್ಲಿನಿಂದ ಎರಡೂ ಕೈ ಬಿಟ್ಟು, ಕೆರೆ ಏರಿಯ ಇಳಿಜಾರಿನಲ್ಲಿ ಅತಿವೇಗವಾಗಿ ಬಂದದ್ದು. ಇಷ್ಟನ್ನು ಬರೆಯುವಾಗ ಈಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಇದರಲ್ಲಿರುವ ಒಂದೇ ಒಂದು ತೊಡಕೆಂದರೆ, ನನಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಇದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮದುವೆಯಲ್ಲಿ ಹೊಸಕೋಟೆಯ ನಮ್ಮ ಮಾವನವರು ಹಸಿರು ಬಣ್ಣದ ಹೊಸ ಸೈಕಲ್ಲೊಂದನ್ನು ತಂದು ಚಪ್ಪರದ ಕೆಳಗೆ ನಿಲ್ಲಿಸಿ, "ನಮ್ಮ ಅಳಿಯಂದಿರು ನಡೆದು ಸ್ಕೂಲಿಗೆ ಹೋಗಬಾರದು" ಎಂದು ನೆಂಟರೆದುರಿಗೆ ಸಾರಿಬಿಟ್ಟರು. ಆ ಹೊತ್ತಿನಲ್ಲಿ, ತಾಳಿ ಕಟ್ಟಿ ಇನ್ನೂ ಕೈಯ ಅರಿಶಿನ ಆರದಿರುವಾಗ, ನನಗೆ ಬರುವುದಿಲ್ಲ ಎಂದು ಯಾವ ಗಂಡಸು ತಾನೇ ಹೇಳಿಯಾನು? ಅಂದಿನಿಂದ ದಿನಾ ಬೆಳಿಗ್ಗೆ ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಸಿಕ್ಕಿಸಿ, ಬೆಲ್ಲು ಬಾರಿಸಿ, ಸೈಕಲ್ಲನ್ನು ತಳ್ಳಿಕೊಂಡು ಹೊರಡುತ್ತಿದ್ದೆ. ಬೀದಿ ತಿರುವಿನಲ್ಲಿ ಹತ್ತಿಕೊಳ್ಳುತ್ತೇನೆಂದು ಹೆಂಡತಿ ಸಾವಿತ್ರಿ ತಿಳಿದಿದ್ದಳು. ಬೀದಿಯವರು ಊರು ದಾಟಿದ ಮೇಲೆ ಹತ್ತುತ್ತೇನೆಂದು ತಿಳಿದಿದ್ದರು. ದಾರಿಯಲ್ಲಿ ಯಾರಾದರೂ ನಡೆದು ಬರುತ್ತಿದ್ದರೆ ನನಗೆ ಹಬ್ಬ, ಅವರ ಜೊತೆ ಮಳೆ ಬೆಳೆ ಮಾತಾಡುತ್ತಾ ನಡೆಯುತ್ತಿದ್ದೆ. "ಮೇಷ್ಟ್ರಿಗೆ ಒಂದ್ ಚೂರೂ ಜಂಬ ಇಲ್ಲ ಕಣ್ರಪ್ಪಾ, ಸೈಕಲ್ ಮಡಗ್ಕೊಂಡೂ ನಮ್ ಸಮಕ್ಕೆ ನಡ್ಕೊಂಡೇ ಬರ್ತಾರೆ" ಎಂದು ಊರೆಲ್ಲ ಹೊಗಳುತ್ತಿತ್ತು. ಹೀಗೆ ಬಾರದ ವಿದ್ಯೆಯೊಂದರಿಂದ ವಿನಯವಂತನೆಂಬ ಬಿರುದು ಬಂತು. ಬಂದದ್ದನ್ನು ಬೇಡವೆನ್ನುವ ಸ್ವಭಾವ ನನ್ನದಲ್ಲ.

ಹೀಗಿರುವಾಗ ಒಂದು ದಿನ ಟಪ್ಪಾಲಿನಲ್ಲಿ ಸಮನ್ಸು ಬಂತು. ನನ್ನ ಹೆಸರು, ತಂದೆಯ ಹೆಸರು, ಊರು, ಕಸಬು ಎಲ್ಲವೂ ಸರಿಯಾಗಿತ್ತು. ಸೈಕಲ್ ಕೇಸು, ಹಾಜರಾಗತಕ್ಕದ್ದು ಎಂದಷ್ಟೇ ಇತ್ತು. ಯಾವ ಕೋರ್ಟೆಂದು ನೋಡೋಣವೆಂದರೆ ಮೊಹರು ಮಸಿಯ ಮುದ್ದೆಯಾಗಿತ್ತು. ನಮ್ಮ ಊರಿರುವುದು ದೇವನಹಳ್ಳಿ ತಾಲ್ಲೂಕಿನಲ್ಲಾದರೂ ಮದುವೆಯ ಸೀರೆಯಿಂದ ಹಿಡಿದು ಹಲ್ಲುನೋವಿನ ಔಷಧದವರೆಗೆ ನಾವು ಓಡುವುದು ಹೊಸಕೋಟೆಗೆ. ಹಾಗಾಗಿ ಅಭ್ಯಾಸಬಲದಿಂದ ಬಸ್ಸು ಹತ್ತಿ ಮೊದಲು ಹೊಸಕೋಟೆಯ ಕೋರ್ಟಿಗೇ ಹೋದೆ. ಅಲ್ಲಿನ ಗುಮಾಸ್ತರು ಮಧ್ಯಾಹ್ನದವರೆಗೆ ಹುಡುಕಿ, "ನಿಮ್ಮ ಹೆಸರು ನಮ್ಮಲ್ಲಿ ಎಲ್ಲೂ ಇಲ್ಲ ಮೇಷ್ಟ್ರೇ, ನೀವು ಒಳ್ಳೆಯವರು" ಎಂದು ಕೈಮುಗಿದು ಕಳಿಸಿದರು. ಮಾರನೆಯ ದಿನ ರಜೆ ಹಾಕಿ ದೇವನಹಳ್ಳಿಗೆ ಹೋದೆ. ಅಲ್ಲಿನ ಗುಮಾಸ್ತರು ಕಾಗದ ತೆಗೆದು ಓದಿದವರೇ ಕನ್ನಡಕ ಏರಿಸಿ ನನ್ನನ್ನು ಒಮ್ಮೆ ನೋಡಿದರು. ಮತ್ತೆ ಓದಿದರು. ಆಮೇಲೆ ಪಕ್ಕದ ಮೇಜಿನವರನ್ನು ಕರೆದು, "ಇವರೇ ಕಣ್ರೀ, ಆ ಬುಟ್ಟಿಯವರು" ಎಂದು ಆರೋಪವನ್ನೆಲ್ಲ ಗಟ್ಟಿಯಾಗಿ ಓದಿದರು. ಇಡೀ ಕಚೇರಿ ಕೆಲಸ ನಿಲ್ಲಿಸಿ ನನ್ನನ್ನು ನೋಡಿತು. ಅಲ್ಲಿಯವರೆಗೆ ಯಾವ ಕಚೇರಿಯೂ ನನ್ನನ್ನು ಹಾಗೆ ನೋಡಿರಲಿಲ್ಲ. ಅದು ನಾನಲ್ಲ ಎಂಬ ಮಾತು ಗಂಟಲವರೆಗೆ ಬಂದಿತ್ತು. ಸ್ವಲ್ಪ ಹೊತ್ತು ಅಲ್ಲೇ ಇರಲಿ ಎಂದು ಬಿಟ್ಟೆ.

ಊರಿಗೆ ಬರುವಷ್ಟರಲ್ಲಿ ಮನೆಯ ಜಗಲಿಯ ಮೇಲೆ ಮುನಿರಾಜು ಕುಳಿತಿದ್ದ. ಇವನು ನನ್ನ ಹಳೆಯ ಶಿಷ್ಯ, ಈಗ ಗೃಹಸ್ಥ. ತೋಟಗಳಿಂದ ಚಕ್ಕೋತ ಕೊಂಡು ಸೈಕಲ್ಲಿನಲ್ಲಿ ಸಂತೆಗೆ ಸಾಗಿಸುವುದು ಅವನ ಜೀವನ. ಸಮನ್ಸಿನ ಸುದ್ದಿ ಕೇಳಿ ಬಂದಿದ್ದನಂತೆ. ನನ್ನನ್ನು ಕಂಡವನೇ ಕಾಲಿಗೆ ಬಿದ್ದ.

"ತಪ್ಪಾಯ್ತು ಸಾ. ಪೊಲೀಸ್ನೋರು ಹಿಡ್ಕೊಂಡು ಹೆಸರೇನು ಅಂದ್ರು. ನನ್ ಹೆಸರೇ ಮರ್ತೋಯ್ತು ಸಾ. ನಿಮ್ ಹೆಸರು ಬಾಯಿಗೆ ಬಂದ್ಬಿಡ್ತು."

"ನನ್ನ ಅಪ್ಪನ ಹೆಸರು?"

"ಅದೂ ಬಂದ್ಬಿಡ್ತು ಸಾ."

ಮೂರು ವರ್ಷ ಮೂರನೇ ಕ್ಲಾಸಿನಲ್ಲೇ ಕೂತಿದ್ದ ಇವನಿಗೆ ಮಗ್ಗಿ ಬಾಯಿಗೆ ಬರಲಿಲ್ಲ, ನದಿಗಳ ಹೆಸರು ಬರಲಿಲ್ಲ. ಪೊಲೀಸಿನವರು ಕತ್ತಿನ ಪಟ್ಟಿ ಹಿಡಿದಾಗ ನನ್ನ ಹೆಸರು ಇನಿಷಿಯಲ್ ಸಮೇತ ಬಂತಲ್ಲ ಎಂದು ಸಂತೋಷವೇ ಆಯಿತು. ಕಲಿಸಿದ್ದು ಪೂರ್ತಿ ವ್ಯರ್ಥವಾಗಿಲ್ಲ. "ದೊಡ್ಡೋರ ಹೆಸ್ರು ಹೇಳಿದ್ರೆ ಬಿಟ್ಬಿಡ್ತಾರೆ ಅನ್ನಿಸ್ತು ಸಾ" ಎಂದು ಅವನು ಸೇರಿಸಿದಾಗ ನನ್ನ ಕೋಪ ಪೂರ್ತಿ ಇಳಿಯಿತು. ಕೋರ್ಟಿಗೆ ಬಂದು ಒಪ್ಪಿಕೊಳ್ಳುತ್ತೇನೆ ಎಂದ. ಸುಳ್ಳು ಹೆಸರು ಹೇಳಿದ್ದಕ್ಕೆ ನಿನ್ನನ್ನು ಒಳಗೇ ಹಾಕುತ್ತಾರೆ, ಸುಮ್ಮನಿರು, ನಾನು ನೋಡಿಕೊಳ್ಳುತ್ತೇನೆ ಎಂದೆ. ಶಿಷ್ಯವಾತ್ಸಲ್ಯ ಎಂದು ನೀವು ಮೆಚ್ಚಿಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ, ಅದರಲ್ಲಿ ವಾತ್ಸಲ್ಯ ಎರಡಾಣೆ, ಉಳಿದ ಹದಿನಾಲ್ಕಾಣೆ ಬೇರೆಯದೇ. ನಾನು ಬಿಡುಗಡೆಯಾಗಬೇಕಾದರೆ ಇದ್ದದ್ದು ಒಂದೇ ದಾರಿ, ತುಂಬಿದ ಕೋರ್ಟಿನಲ್ಲಿ ಎದ್ದು ನಿಂತು ನನಗೆ ಸೈಕಲ್ ಬರುವುದಿಲ್ಲ ಎನ್ನುವುದು. ಅದಕ್ಕಿಂತ ಗಲ್ಲು ವಾಸಿ ಎನಿಸಿತು.

ಒಳಗೆ ಹೋಗಿ ಸಾವಿತ್ರಿಗೆ ಆರೋಪವನ್ನು ವಿವರಿಸಿದೆ. ಬೈಯುತ್ತಾಳೆಂದು ಹೆದರಿದ್ದೆ. ಅವಳು ಒಲೆಯ ಮುಂದೆ ಊದುಗೊಳವೆ ಹಿಡಿದು ಹಾಗೇ ಕುಳಿತುಬಿಟ್ಟಳು.

"ರೀ, ಎರಡೂ ಕೈ ಬಿಟ್ರಾ?"

"ಬುಟ್ಟಿ ಹಿಡ್ಕೋಬೇಕಿತ್ತಲ್ಲೇ."

"ಇಷ್ಟು ವರ್ಷದಲ್ಲಿ ನನಗೆ ಒಂದ್ ಮಾತು ಹೇಳ್ಲಿಲ್ವಲ್ರೀ ನೀವು" ಎಂದಳು. ಅವಳ ಕಣ್ಣಿನಲ್ಲಿ ಅಂಥ ಹೊಳಪನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಅಂದು ಹೋಳಿಗೆಯಂಥ ಹೋಳಿಗೆ ಮಾಡಿದಳು. ಚಕ್ಕೋತದ ಬುಟ್ಟಿ ನನಗೆ ಯಾಕೆ ಬೇಕಿತ್ತು ಎಂದು ಅವಳೂ ಕೇಳಲಿಲ್ಲ, ಮಾರನೆಯ ಬೆಳಿಗ್ಗೆ ನಲ್ಲಿಯ ಬಳಿ ಅವಳಿಂದ ಸುದ್ದಿ ಕೇಳಿದ ಊರಿನವರೂ ಕೇಳಲಿಲ್ಲ. ಒಳ್ಳೆಯ ಕಥೆಗೆ ಜನ ಅಂಥ ಸಣ್ಣ ಪ್ರಶ್ನೆ ಹಾಕುವುದಿಲ್ಲ.

ವಾಯಿದೆಯ ದಿನ ಕೋಳಿ ಕೂಗುವ ಮೊದಲೇ ಎದ್ದು ಸೈಕಲ್ ತಳ್ಳಿಕೊಂಡು ದೇವನಹಳ್ಳಿಗೆ ಹೊರಟೆ. ಅಂಥ ಸೈಕಲ್ ಸವಾರ ಬಸ್ಸಿನಿಂದ ಇಳಿದರೆ ಮರ್ಯಾದೆ ಉಳಿಯುತ್ತದೆಯೇ? ಸಾವಿತ್ರಿ ಅಪ್ಪನ ಜೊತೆ ಬಸ್ಸಿನಲ್ಲಿ ಬಂದಳು. ಹಿಂದಿನ ದಿನವೇ ಹೊಸಕೋಟೆಯಿಂದ ನಮ್ಮ ಮನೆಗೆ ಬಂದಿದ್ದ ಮಾವನವರು ಜರಿಪೇಟ ಸುತ್ತಿಕೊಂಡಿದ್ದರು. ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಕೋರ್ಟಿನ ಮೆಟ್ಟಿಲು ಸವೆಸಿದವರು ಅವರು. ಎದೆಯುಬ್ಬಿಸಿ ಮೊದಲ ಬೆಂಚಿನಲ್ಲೇ ಕುಳಿತರು. ಬಾಗಿಲ ಹೊರಗೆ ಮುನಿರಾಜು ತಲೆಗೆ ಟವಲು ಸುತ್ತಿ ಅರ್ಧ ಮುಖ ಮುಚ್ಚಿಕೊಂಡು ನಿಂತಿದ್ದ. ನನ್ನ ಹೆಸರು ಕೂಗಿದರು. ಮ್ಯಾಜಿಸ್ಟ್ರೇಟರು ಕಾಗದ ಓದಿ, ನನ್ನ ನರೆತ ತಲೆ ನೋಡಿ, "ಇದನ್ನೆಲ್ಲಾ ನೀವು ಮಾಡಿದ್ದೀರಾ?" ಎಂದರು. "ಮಾಡಿದ್ದೇನೆ ಸ್ವಾಮಿ, ಒಪ್ಪಿಕೊಳ್ಳುತ್ತೇನೆ" ಎಂದೆ. ಅಲ್ಲಿಗೆ ಮುಗಿಯಬೇಕಾಗಿತ್ತು.

ಆದರೆ ಕೇಸು ಹಿಡಿದ ಪೊಲೀಸು ಪಿಳ್ಳಪ್ಪ ಮುಂದೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವರಲ್ಲ ಸ್ವಾಮಿ" ಎಂದುಬಿಟ್ಟರು. "ಅವನು ಚಿಕ್ಕ ವಯಸ್ನೋನು ಸ್ವಾಮಿ, ಗಟ್ಟಿಮುಟ್ಟಾಗಿದ್ದ. ಬುಟ್ಟಿಯಿಂದ ಒಂದ್ ಹಣ್ಣು ಬಿತ್ತು, ಎತ್ಕೊಳ್ಳೋಕೆ ನಿಂತ, ಹಿಡ್ಕೊಂಡೆ. ಈ ಮೇಷ್ಟ್ರಲ್ಲ." ಕೋರ್ಟಿನಲ್ಲಿ ಗುಜುಗುಜು ಶುರುವಾಯಿತು. ಮಾವನವರ ಪೇಟ ಸ್ವಲ್ಪ ಬಾಗಿದಂತೆ ಕಂಡಿತು. ಸಾವಿತ್ರಿ ಸೆರಗಿನ ತುದಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬಿಡುಗಡೆ ಬಾಗಿಲು ತೆರೆದು ನಿಂತಿತ್ತು, ಅದರಾಚೆ ನನ್ನ ಮಾನ ಬೀದಿಪಾಲಾಗಿ ಬಿದ್ದಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

"ಸ್ವಾಮಿ, ಆವತ್ತು ಸೈಕಲ್ಲಿಗೆ ದೀಪ ಇತ್ತೋ ಇಲ್ಲವೋ ಅವರನ್ನೇ ಕೇಳಿ."

"ಇರಲಿಲ್ಲ" ಎಂದರು ಪಿಳ್ಳಪ್ಪ.

"ಕತ್ತಲಾಗಿತ್ತೋ ಇಲ್ಲವೋ?"

"ಆಗ್ತಾ ಇತ್ತು. ಅದಕ್ಕೇ ತಾನೇ ಕೇಸು."

"ಕತ್ತಲೆ, ದೀಪ ಇಲ್ಲ, ತಲೆಯ ಮೇಲೆ ಬುಟ್ಟಿ. ಮುಖ ಹೇಗೆ ಕಂಡಿತು ಸ್ವಾಮಿ? ಮುಖ ಕಂಡಿದೆ ಎನ್ನುವುದಾದರೆ ದೀಪದ ಕೇಸೇ ಬಿದ್ದುಹೋಗುತ್ತದೆ."

ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ಮಾಡಿಲ್ಲ. ಮ್ಯಾಜಿಸ್ಟ್ರೇಟರು ಕೈಯಿಂದ ಬಾಯಿ ಮುಚ್ಚಿಕೊಂಡರು, ನಗುತ್ತಿದ್ದರೋ ಕೆಮ್ಮುತ್ತಿದ್ದರೋ ಹೇಳಲಾರೆ. ತಾವೇ ತಪ್ಪಿತಸ್ಥರೆಂದು ಇಷ್ಟು ಹಟ ಹಿಡಿದವರನ್ನು ತಾವು ಕಂಡಿಲ್ಲವೆಂದು ಹೇಳಿ ದಂಡ ಹಾಕಿದರು. ಮಾವನವರು ಎದ್ದು ನಿಂತು ಪಕ್ಕದವರಿಗೆ, "ನಮ್ಮ ಅಳಿಯಂದಿರು" ಎಂದು ಪರಿಚಯ ಹೇಳಿದರು. ದಂಡ ಕಟ್ಟಿ ಹೊರಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಹೊರಗೆ ಸೈಕಲ್ಲಿನ ಪಕ್ಕದಲ್ಲಿ ಪಿಳ್ಳಪ್ಪ ಕಾಯುತ್ತಿದ್ದರು. ಸಿಟ್ಟಾಗಿದ್ದಾರೆಂದುಕೊಂಡೆ. ಸಿಟ್ಟಿರಲಿಲ್ಲ, ಮುಖ ಸಣ್ಣಗಾಗಿತ್ತು. "ಸ್ವಾಮಿ, ನಂಗೆ ಇನ್ನೂ ಸರ್ವೀಸ್ ಐತೆ. ಕಣ್ಣು ಮಂಜಾಗೈತೆ ಅಂತ ಸಾಹೇಬ್ರಿಗೆ ಗೊತ್ತಾದ್ರೆ ಮನೆಗೆ ಕಳಿಸ್ಬಿಡ್ತಾರೆ. ಒಂದೇ ಒಂದ್ ಸಾರಿ ಹತ್ತಿ ತೋರ್ಸಿ. ನೀವೇ ಅಂತ ನನ್ ಮನಸ್ಸಿಗೆ ನಿಜ ಆದ್ರೆ ಸಾಕು" ಎಂದರು. ನನ್ನ ಹೆಮ್ಮೆಯ ಸಲುವಾಗಿ ಒಬ್ಬ ಸತ್ಯವಂತ ಮನುಷ್ಯ ತನ್ನ ಕಣ್ಣನ್ನೇ ನಂಬದ ಹಾಗೆ ಮಾಡಿದ್ದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಕಿವಿಯಲ್ಲಿ ನಿಜ ಹೇಳಿಬಿಡೋಣವೆಂದರೆ ಅಷ್ಟರಲ್ಲಿ ಸುತ್ತಲೂ ಜನ. "ಹತ್ತಿ ಅಳಿಯಂದಿರೇ, ಅದೇನ್ ದೊಡ್ಡ ವಿಷಯ ನಿಮಗೆ" ಎಂದು ಮಾವನವರು ಸೈಕಲ್ಲನ್ನು ರಸ್ತೆಗೆ ತಂದು ಹಿಡಿದುಕೊಂಡರು. ರಸ್ತೆ ಸಂತೆಮಾಳದ ಕಡೆಗೆ ಇಳಿಜಾರು. ಟವಲಿನ ಸಂದಿಯಿಂದ ಮುನಿರಾಜು, "ಬ್ಯಾಡಿ ಸಾ" ಎಂದು ಅಳುವ ದನಿಯಲ್ಲಿ ಅಂದ. ನಾನು ಹತ್ತಿದೆ. ಮಾವನವರು ಪ್ರೀತಿಯಿಂದ ಹಿಂದಿನಿಂದ ನೂಕಿದರು.

ಆಮೇಲಿನದೆಲ್ಲ ನನಗೆ ಸರಿಯಾಗಿ ನೆನಪಿಲ್ಲ. ಪೆಡಲು ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಕೋರ್ಟು ಹಿಂದೆ ಹೋಗಿತ್ತು. ಮೊದಲ ಕಲ್ಲಿಗೇ ಎರಡೂ ಕೈ ಹ್ಯಾಂಡಲ್ಲಿನಿಂದ ಹಾರಿ ಮೇಲಕ್ಕೆ ಹೋದವು, ಮತ್ತೆ ಕೆಳಗೆ ಬರಲು ಒಪ್ಪಲಿಲ್ಲ. ಬ್ರೇಕು ಎಂಬುದೊಂದಿದೆ ಎಂದು ಹೊಳೆದದ್ದು ರಾಗಿಹುಲ್ಲಿನ ಗಾಡಿಯೊಂದು ಎದುರಿಗೆ ದೊಡ್ಡದಾಗುತ್ತಾ ಬಂದಾಗ. ಆ ಗಾಡಿಯವನಿಗೆ ದೇವರು ಒಳ್ಳೆಯದು ಮಾಡಲಿ, ಹುಲ್ಲನ್ನು ಮೆತ್ತಗೆ ಒಟ್ಟಿದ್ದ. ನಾನು ಹುಲ್ಲಿನಿಂದ ತಲೆ ಹೊರಗೆ ಹಾಕುವಷ್ಟರಲ್ಲಿ ಪಿಳ್ಳಪ್ಪ ಓಡಿ ಬಂದಿದ್ದರು, ಮುಖ ಅರಳಿತ್ತು. "ಇವ್ರೇ. ಆವತ್ತೂ ಹಿಂಗೇ ಎರಡೂ ಕೈ ಮ್ಯಾಲಕ್ಕೆ ಮಾಡ್ಕೊಂಡೇ ಬಂದಿದ್ದು. ಮುಖ ಮರ್ತಿತ್ತು ಅಷ್ಟೇ, ಕಣ್ಣು ಸರಿಯಾಗೇ ಐತೆ" ಎಂದು ಎಲ್ಲರಿಗೂ ಹೇಳಿ ನನ್ನ ಕೈ ಹಿಡಿದು ಎಬ್ಬಿಸಿದರು. ಸಾವಿತ್ರಿ ಬಂದು ನನ್ನ ತಲೆಯಿಂದ ಹುಲ್ಲಿನ ಕಡ್ಡಿಗಳನ್ನು ಒಂದೊಂದಾಗಿ ತೆಗೆಯುತ್ತಾ, "ವಯಸ್ಸಾಯ್ತು, ಇನ್ನಾದ್ರೂ ಒಂದ್ ಕೈಯಲ್ಲಿ ಹಿಡ್ಕೊಳ್ರೀ" ಎಂದಳು.

ಅಂದಿನಿಂದ ನಾನು ಮತ್ತೆ ಸೈಕಲ್ ಹತ್ತಿಲ್ಲ. ಕೋರ್ಟು ಬುದ್ಧಿ ಹೇಳಿದ ಮೇಲೆ ಹತ್ತುವುದು ಸರಿಯಲ್ಲ ಎನ್ನುತ್ತೇನೆ, ಜನ ತಲೆದೂಗುತ್ತಾರೆ. ಮುನಿರಾಜು ಸೈಕಲ್ಲಿಗೆ ದೀಪ ಹಾಕಿಸಿಕೊಂಡ, ತನ್ನ ಹೆಸರನ್ನೂ ಬಾಯಿಪಾಠ ಮಾಡಿಕೊಂಡ. ಪಿಳ್ಳಪ್ಪ ಎಲ್ಲಿ ಕಂಡರೂ ಅಭಿಮಾನದಿಂದ ಸಲಾಮು ಹೊಡೆಯುತ್ತಿದ್ದರು. ಆ ಸಲಾಮಿಗೆ ನಾನು ಪೂರ್ತಿ ಅನರ್ಹನೇನೂ ಅಲ್ಲ ಎಂದೇ ನನ್ನ ನಂಬಿಕೆ. ತಪ್ಪು ಮಾಡಿ ದಂಡ ಕಟ್ಟಿದವರು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮೊದಲು ದಂಡ ಕಟ್ಟಿ, ಆಮೇಲೆ ಹೋಗಿ ಪ್ರಾಮಾಣಿಕವಾಗಿ ತಪ್ಪು ಮಾಡಿ ಬಂದವನು ನಾನೊಬ್ಬನೇ.