ಜೀಪಿಗೆ ಟರ್ಬೊ ಕೂರಿಸಿದ ವೀರಗಾಥೆ

ನನಗೆ ಸಿಟ್ಟು ಬೇಗ ಬರುತ್ತದೆ ಎನ್ನುವವರನ್ನು ಕಂಡರೆ ನನಗೆ ವಿಪರೀತ ಸಿಟ್ಟು. ಸಿಟ್ಟು ಬರಿಸುವಂಥದ್ದು ಲೋಕದ ತುಂಬ ಬಿದ್ದಿರುವಾಗ ಬೇಗ ಬಂದರೇನು, ತಡವಾಗಿ ಬಂದರೇನು? ಹೋದ ದೀಪಾವಳಿಯ ಮಾತನ್ನೇ ತೆಗೆದುಕೊಳ್ಳಿ. ಪುಣೆಯಿಂದ ಬೆಳಗಾವಿಗೆ ಹೊರಟಿದ್ದೆವು. ಖಂಬಾಟಕಿ ಘಾಟಿನ ಏರಿನಲ್ಲಿ ನನ್ನ ಹಳೆಯ ಡೀಸೆಲ್ ಜೀಪು ಏದುಸಿರು ಬಿಡುತ್ತ ತೆವಳುತ್ತಿತ್ತು. ಆಗ ನನ್ನ ಷಡ್ಡಕ ಋಷಿಕೇಶ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ತನ್ನ ಹೊಸ ಕಾರಿನಲ್ಲಿ ನನ್ನನ್ನು ಹಿಂದೆ ಹಾಕಿದ. ಹಾಕಲಿ, ಬೇಡ ಅಂದವರಾರು? ಆದರೆ ಕಿಟಕಿ ಇಳಿಸಿ, "ದೂಡಬೇಕೇನ್ರಿ, ಮಾರ್ತಾಂಡರಾವ್?" ಎಂದು ಕೇಳಿದ.

ಅಲ್ಲೇ, ಆ ಏರಿನ ಮೇಲೆಯೇ ಭೀಷ್ಮಪ್ರತಿಜ್ಞೆ ಮಾಡಿದೆ. ಈ ಜೀಪಿಗೆ ಟರ್ಬೊ ಹಾಕಿಸುತ್ತೇನೆ. ಹಾಕಿಸುವುದೇನು, ನಾನೇ ಹಾಕುತ್ತೇನೆ! ಮುಂದಿನ ಸಲ ಋಷಿಕೇಶ ನನ್ನ ಹೊಗೆ ಕುಡಿಯುತ್ತ ಹಿಂದೆ ಬರಬೇಕು.

ಮುಂದಿನ ಸಲ ಬೇಗನೇ ಬಂತು. ಋಷಿಕೇಶನ ಹೆಂಡತಿ, ಅಂದರೆ ನನ್ನ ನಾದಿನಿ ಹರ್ಷದಾಳ ಕುಬಸ ಬೆಳಗಾವಿಯಲ್ಲಿ ನಿಶ್ಚಯವಾಯಿತು. ಬಸುರಿಗೆ ಹಸಿರು ಸೀರೆ, ರವಿಕೆಯ ಖಣ ಕೊಟ್ಟು ಉಡಿ ತುಂಬಿ, ಹೆರಿಗೆಗೆ ತವರಿಗೆ ಕಳಿಸುವ ಶಾಸ್ತ್ರ ಅದು. ನನ್ನ ಅತ್ತೆ ತೀರಿಕೊಂಡಿದ್ದರಿಂದ ಉಡಿ ತುಂಬುವ ಹೊಣೆ ನನ್ನ ಹೆಂಡತಿ ಅಂಬಾಳದು. ಕಿರಿಮಗಳ ಕುಬಸಕ್ಕೆಂದೇ ಅತ್ತೆ ಗುಳೇದಗುಡ್ಡದಿಂದ ಹಸಿರು ಖಣ ತರಿಸಿ, ಸಾಯುವ ಮುಂಚೆ ಅಂಬಾಳ ಕೈಗೆ ಕೊಟ್ಟಿದ್ದರು. ಅವಳು ಅದನ್ನು ಟ್ರಂಕಿನಲ್ಲಿ ಲವಂಗ ಹಾಕಿ ಜೋಪಾನ ಮಾಡಿದ್ದಳು.

ಹೊರಡುವ ದಿನ ಬೆಳಿಗ್ಗೆ ಪುಣೆಯ ಕೋಥರೂಡದ ನಮ್ಮ ಸೊಸಾಯಿಟಿಯ ಪಾರ್ಕಿಂಗ್‌ನಲ್ಲಿ ಬಾನೆಟ್ ಎತ್ತಿ ನಿಂತೆ. ಟರ್ಬೊ ನೋಡಲು ಶಂಖದ ಹಾಗಿರುತ್ತದೆ. ಎಂಜಿನ್ ಬಿಟ್ಟ ಹೊಗೆಯಿಂದ ಅದರೊಳಗಿನ ಫ್ಯಾನು ತಿರುಗುತ್ತದೆ, ಫ್ಯಾನು ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತದೆ, ಗಾಡಿ ಏರು ಹತ್ತುತ್ತದೆ. ಹೇಳಲು ಇಷ್ಟೇ. ಕೂರಿಸಲು ಹೋದರೆ ಗಾಳಿಯ ಬಾಯಿ ಬ್ಯಾಟರಿಗೆ ಬಡಿಯಿತು. ಮಾರಿದವನಿಗೆ ಫೋನ್ ಮಾಡಿ ಕೂಗಾಡಿದೆ. ಅವನು ನಿಗಡಿಯ ಗ್ಯಾರೇಜಿನ ಸುಖೇಶ್.

"ಫಿರವಾ ಸಾಹೇಬ, ಬಸೇಲ," ಅಂದ. ತಿರುಗಿಸಿರಿ, ಕೂರುತ್ತದೆ ಅಂತ.

ಬೋಲ್ಟ್ ಸಡಿಲಿಸಿ ತಿರುಗಿಸಿದೆ. ಬಾಯಿ ಸರಿಹೋಯಿತು, ಆದರೆ ಕೆಳಗೆ ಮುಖ ಮಾಡಬೇಕಾದ ಎಣ್ಣೆಯ ಕೊಳವೆ ಪಕ್ಕಕ್ಕೆ ಹೊರಳಿತು. ಎಣ್ಣೆಯ ಕೊಳವೆಯನ್ನು ಕೆಳಗೆ ತಂದೆ, ಬಾಯಿ ಬಾನೆಟ್ಟಿಗೆ ತಾಗಿತು. ಬಾಯಿಯನ್ನು ಬಗ್ಗಿಸಿದೆ, ಮತ್ತೆ ಬ್ಯಾಟರಿ! ನನ್ನ ಮೇಲೆ ಹಗೆ ಸಾಧಿಸುತ್ತಿದೆ ಎಂದು ಖಾತ್ರಿಯಾಗಿ ಅದಕ್ಕೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬೈದೆ. ಪಕ್ಕದಲ್ಲಿ ಸ್ಕೂಟರ್ ತೊಳೆಯುತ್ತಿದ್ದವರು ಬಕೆಟ್ ಎತ್ತಿಕೊಂಡು ದೂರ ಹೋದರು. ಅಷ್ಟರಲ್ಲಿ ಒಂದು ವಾಷರ್ ಜಾರಿ ಟರ್ಬೊದ ಬಾಯಿಯೊಳಗೆ ಬಿತ್ತು. ಅದನ್ನು ತೆಗೆಯುವಷ್ಟರಲ್ಲಿ ನನ್ನ ನೆತ್ತಿ ಕಾದಿತ್ತು.

"ಅಂಬಾ! ಮತ್ತೇನೂ ಒಳಗ ಬೀಳದಂಗ ಈ ಬಾಯಿಗೆ ತುರುಕಲಿಕ್ಕೆ ಮ್ಯಾಲಿಂದ ಒಂದು ಅರಿವಿ ಒಗಿ!" ಎಂದು ಕೂಗಿದೆ.

ಅವಳು ಬಾಲ್ಕನಿಯಿಂದ, "ಕೈ ತೆರವಿಲ್ಲ. ಮಂಚದ ಮ್ಯಾಲೆ ನಿಮ್ಮ ಹಳೇ ಬನಿಯನ್ ಅದ, ಬಂದು ತಗೊಂಡು ಹೋಗ್ರಿ," ಅಂದಳು.

ಲಿಫ್ಟ್ ಕೆಟ್ಟಿತ್ತು. ಸೊಸಾಯಿಟಿಯ ಸೆಕ್ರೆಟರಿಯನ್ನು ಒಂದೊಂದು ಮೆಟ್ಟಿಲಿಗೂ ಬೈಯುತ್ತ ಹತ್ತಿದೆ. ಮಂಚದ ಮೇಲೆ ಕೈಗೆ ಸಿಕ್ಕಿದ್ದನ್ನು ಎಳೆದುಕೊಂಡು ಹಾಗೇ ಬೈಯುತ್ತ ಇಳಿದೆ. ಉಂಡೆ ಮಾಡಿ ಬಾಯಿಗೆ ತುರುಕಿ ಮತ್ತೆ ತಿರುಗಿಸಿದೆ. ಕೊನೆಗೊಮ್ಮೆ ಎಣ್ಣೆಯ ಕೊಳವೆ ಕೆಳಗೆ, ಬಾಯಿ ಮುಂದಕ್ಕೆ, ಎಲ್ಲವೂ ತಂತಮ್ಮ ಜಾಗಕ್ಕೆ ಬಂದವು. ಮತ್ತೆ ಮನಸ್ಸು ಬದಲಿಸೀತು ಎಂದು ಗಡಬಡಿಸಿ ಬೋಲ್ಟ್ ಬಿಗಿದು ಗಾಳಿಯ ಪೈಪು ಸಿಕ್ಕಿಸಿಬಿಟ್ಟೆ.

ಮೇಲೆ ಹೋದರೆ ಅಂಬಾ ಮನೆಯನ್ನೆಲ್ಲ ಬುಡಮೇಲು ಮಾಡಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಖಣ ಸಿಗವಲ್ತರಿ. ಈಗ ಇಲ್ಲೇ ತೆಗದಿಟ್ಟಿದ್ದೆ."

ನಾನು ಬಿಡುತ್ತೇನೆಯೇ? "ಒಂದು ಮೊಳ ಅರಿವಿ ಜ್ವಾಕಿ ಮಾಡ್ಲಿಕ್ಕೆ ಆಗೂದಿಲ್ಲ ನಿನಗ! ನನ್ನ ನೋಡು, ಇಡೀ ಎಂಜಿನ್ ಬಿಚ್ಚಿ ಕೂಡಿಸೀನಿ, ಒಂದು ನಟ್ಟರೆ ಕಳದೀನೇನು? ಹೋಗಲಿ, ದಾರ್‍ಯಾಗ ಹೊಸಾದು ತಗೊಳ್ಳೋಣು."

"ಅವ್ವ ಕೊಟ್ಟಿದ್ದು ಅಂಗಡ್ಯಾಗ ಸಿಗತದೇನ್ರಿ?" ಅಂದಳು. ಕಣ್ಣು ತುಂಬಿದ್ದವು. ಅದಕ್ಕೂ ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಜೀಪು ಹೊರಟಿತು. ಗುಟುರು ಹಾಕುತ್ತ ಹಾರಬೇಕಾದದ್ದು ಕೆಮ್ಮುತ್ತ ಹೋಯಿತು. ಚಾಂದಣಿ ಚೌಕದ ಏರು ಬಂತು. ಹಿಂದೆ ಕಪ್ಪು ಹೊಗೆ ಎದ್ದಿತು. ಸಿಟಿ ಬಸ್ಸು ನಮ್ಮನ್ನು ದಾಟಿತು, ಗ್ಯಾಸ್ ಸಿಲಿಂಡರ್ ಹೊತ್ತ ತ್ರಿಚಕ್ರ ಗಾಡಿ ದಾಟಿತು. ಆಮೇಲೆ ಒಳಗೆ ಏನೋ ಕರ್ರೆಂದು ಎಂಜಿನ್ ನಿಂತೇಬಿಟ್ಟಿತು.

ಬಾನೆಟ್ ಎತ್ತಿ ಸುಖೇಶನಿಗೆ ಫೋನ್ ಹಚ್ಚಿದೆ. ಹೆಗಲು ಕಿವಿಗಳ ನಡುವೆ ಫೋನು, ಕೈಯಲ್ಲಿ ಪೈಪು. ಅವನನ್ನು ಜಾಡಿಸುತ್ತಲೇ ಪೈಪು ಕಿತ್ತೆ. ಟರ್ಬೊದ ಬಾಯಿಯಿಂದ ಎಣ್ಣೆ ಹತ್ತಿದ ಚಿಂದಿ ಇಣುಕುತ್ತಿತ್ತು. ಹಿಡಿದೆಳೆದರೆ ಫ್ಯಾನಿಗೆ ಸುತ್ತಿಕೊಂಡಿದ್ದು ಪರ್ರೆಂದು ಹರಿದು ಕೈಗೆ ಬಂತು.

"ನೋಡು ಅಂಬಾ! ಒಳಗ ಕಚರಾ ತುಂಬಿ ಮಾರ್‍ಯಾನ, ಹಲ್ಕಟ್!" ಎಂದು ಹೆದ್ದಾರಿಗೆಲ್ಲ ಕೇಳುವಂತೆ ಕೂಗಿ ಅದನ್ನು ಬಾವುಟದ ಹಾಗೆ ಎತ್ತಿ ಹಿಡಿದೆ.

ಅಂಬಾ ಇಳಿದು ಬಂದಳು. ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಬಿಡಿಸಿದಳು. ಹಸಿರು ನೆಲ, ಕೆಂಪು ಅಂಚು, ಲವಂಗದ ವಾಸನೆ ಇನ್ನೂ ಇತ್ತು. ನಾನು ಫೋನ್ ಕಟ್ ಮಾಡಿದೆ. ಅವಳು ಬೈಯಲಿ ಎಂದು ಕಾದೆ, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಹರಿಯದೆ ಉಳಿದ ಭಾಗವನ್ನು ಮಡಚಿ ಚೀಲದಲ್ಲಿಟ್ಟು, ರಿಕ್ಷಾ ಒಂದಕ್ಕೆ ಕೈ ಮಾಡಿದಳು.

"ನಾನೂ ಬರ್ತೀನಿ," ಅಂದೆ, ಸಣ್ಣ ದನಿಯಲ್ಲಿ.

"ನೀವೆಲ್ಲಿ ಬರ್ತೀರಿ? ಅವ್ವನ ಖಣದಿಂದ ಈ ಜೀಪಿನ ಉಡಿ ತುಂಬೀರಿ. ಕುಬಸ ಆತು. ಇನ್ನ ಶಾಸ್ತ್ರದ ಪ್ರಕಾರ ತವರಿಗೆ ಕರಕೊಂಡು ಹೋಗ್ರಿ," ಎಂದು ರಿಕ್ಷಾ ಹತ್ತಿ ಬಸ್ಸಿಗೆ ಹೋದಳು.

ತವರು ನಿಗಡಿಯಲ್ಲಿತ್ತು. ಸುಖೇಶನ ಗ್ಯಾರೇಜಿಗೆ ಜೀಪನ್ನು ಎಳೆಸಿಕೊಂಡು ಹೋದೆ. ಬೆಳಿಗ್ಗೆಯಿಂದ ಬೈಸಿಕೊಂಡಿದ್ದವನ ಎದುರು ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕೂತೆ.

ಮರುದಿನ ಕುಬಸ ಮುಗಿದ ಮೇಲೆ ಅಂಬಾ ಫೋನ್ ಮಾಡಿದಳು. ಉಳಿದ ಖಣದಲ್ಲಿ ರವಿಕೆಯ ತೋಳು ಆಗುತ್ತವಂತೆ, ಅವ್ವನದು ಅಷ್ಟಾದರೂ ಮೈಮೇಲೆ ಇರಲಿ ಎಂದು ಹರ್ಷದಾ ಅದನ್ನೇ ಉಡಿಯಲ್ಲಿ ಹಾಕಿಸಿಕೊಂಡಳಂತೆ. ನನ್ನ ಜೀವಕ್ಕೆ ಸಮಾಧಾನವಾಯಿತು. ಅಷ್ಟರಲ್ಲಿ ಯಾರೋ ಅವಳ ಕೈಯಿಂದ ಫೋನು ಕಸಿದುಕೊಂಡರು. ಋಷಿಕೇಶ.

"ಮಾರ್ತಾಂಡರಾವ್, ನಿಮ್ಮ ಜೀಪು ಹಡದ ಮ್ಯಾಲೆ ತಿಳಸ್ರಿ. ತೊಟ್ಟಿಲಾ ನಾನ ತರ್ತೀನಿ. ನಮ್ಮ ಗಾಡಿಗೆ ಘಾಟು ಹತ್ತೂದೇನು ತ್ರಾಸಿಲ್ಲ."