ಆರು ನುಣುಪು, ಆರು ಒರಟು

ನಮ್ಮ ಕಡೆ ಯಾವುದೇ ಒರಟು ವಸ್ತುವನ್ನು ಅದರ ಪಾಡಿಗೆ ಬಿಡುವುದಿಲ್ಲ. ಯಾರಾದರೊಬ್ಬರು ಉಜ್ಜಿಯೇ ಉಜ್ಜುತ್ತಾರೆ. ಬರೆಯುವಾಗಲೂ ನನಗೆ ಕೋಪ ಬರುತ್ತಿದೆ.

೧೯೭೫ರ ಸುಮಾರಿಗೆ ಬಿ.ಎಸ್ಸಿ. ಮುಗಿಸಿ ಮಂಡ್ಯದ ಒಬ್ಬ ಮೂಳೆ ಡಾಕ್ಟರ ಬಳಿ ಸೇರಿದೆ. ಅವರಿಗೊಂದು ಪ್ರಶ್ನೆಯಿತ್ತು: ಮೂಳೆಯ ಜೀವಕೋಶಗಳು ನುಣುಪು ಲೋಹವನ್ನು ಚೆನ್ನಾಗಿ ಹಿಡಿದು ಬೆಳೆಯುತ್ತವೋ, ಒರಟು ಲೋಹವನ್ನೋ? ಆರು ಮೊಲಗಳು, ಹನ್ನೆರಡು ಸಣ್ಣ ಉಕ್ಕಿನ ಮೊಳೆಗಳು. ಎಡಗಾಲಿಗೆ ನುಣುಪು, ಬಲಗಾಲಿಗೆ ಒರಟು. ಮೂರು ತಿಂಗಳ ನಂತರ ತೆಗೆದು ನೋಡುವುದು. "ವರದೀಲಿ ನಿನ್ನ ಹೆಸರೂ ಹಾಕ್ತೀನಿ" ಎಂದಿದ್ದರು. ನನಗೆ ಬೇಕಾಗಿದ್ದು ಅದೊಂದೇ.

೧. ಮದ್ದೂರಿನ ಲೇತು

ಮದ್ದೂರಿನಲ್ಲಿ ಲೇತು ಯಂತ್ರ ಇಟ್ಟು ಲೋಹ ಕಡೆಯುತ್ತಿದ್ದ ಒಬ್ಬನಿಗೆ ಮೊಳೆಗಳ ನಕ್ಷೆ ಬರೆದುಕೊಟ್ಟೆ. ವಾರ ಬಿಟ್ಟು ಹೋದರೆ ಹನ್ನೆರಡೂ ಫಳಫಳ ಹೊಳೆಯುತ್ತಿದ್ದವು.

"ಆರು ಒರಟಾಗಿರಬೇಕು ಅಂತ ಬರೆದಿದ್ದೆನಲ್ಲ?"

"ಓದ್ದೆ ಸ್ವಾಮಿ. ಏನೋ ತಪ್ಪಾಗಿ ಬರ್ದವ್ರೆ ಅಂದ್ಕಂಡೆ."

"ತಪ್ಪಲ್ಲ. ಬೇಕು ಅಂತಲೇ ಬರೆದದ್ದು."

"ನನ್ ಲೇತಿಂದ ಒರಟು ಮಾಲು ಆಚೆಗೋದ್ರೆ ಮದ್ದೂರ್ನಲ್ಲಿ ನಾನ್ ತಲೆ ಎತ್ಕಂಡು ತಿರ್ಗೋದೆಂಗೆ?"

ಒಂದು ಗಂಟೆ ಜಗಳವಾಡಿದೆ. ಕೊನೆಗೆ ಹಲ್ಲು ಕಚ್ಚಿಕೊಂಡು ಆರಕ್ಕೆ ಅರ ಹಾಕಿ ಒರಟು ಮಾಡಿದ. ಆದರೆ ಪೊಟ್ಟಣದ ಮೇಲೆ ತನ್ನ ಹೆಸರು ಬರೆಯಲಿಲ್ಲ. ಎದುರು ಬೀದಿಯ ಲೇತಿನವನ ಹೆಸರು ಬರೆದ.

೨. ಮಳವಳ್ಳಿಯ ಮೊಲ

ಮೊಲ ಸಾಕಿದ್ದ ಗೌಡರೊಬ್ಬರು ಮಳವಳ್ಳಿ ಬಳಿ ಇದ್ದರು. ಕಾಲಿನ ಮೂಳೆಯ ಪ್ರಯೋಗಕ್ಕೆ ಆರು ಮೊಲ ಬೇಕು ಎಂದೆ.

"ಮೊಲದ ಕಾಲ್ಗೇನಾಗದೆ?" ಎಂದರು.

"ಏನೂ ಆಗಿಲ್ಲ. ಮೂಳೆಗೆ ಮೊಳೆ ಹೊಡೆಯುತ್ತೇವೆ."

"ಆಮ್ಯಾಕೆ?"

"ತೆಗೆಯುತ್ತೇವೆ."

"ತೆಗಿಯಾದಾದ್ರೆ ಯಾಕಪ್ಪಾ ಒಡೀತೀಯ?"

ಬೋರ್ಡಿಲ್ಲದೆ, ಸೀಮೆಸುಣ್ಣವಿಲ್ಲದೆ ಅರ್ಧ ಗಂಟೆ ಜೀವಕೋಶದ ಪಾಠ ಮಾಡಿದೆ. ಅವರು ಆಕಳಿಸಿದರು. ಒಳಗಿನಿಂದ ಅವರ ಹೆಂಡತಿ ಕೂಗಿದರು: "ಬೀಸೋ ಕಲ್ಲು ನುಣ್ಗಾದ್ರೆ ರಾಗಿ ಜಾರ್ತದೆ ಅಂತ ಉಳೀಲಿ ಮುಳ್ಳು ಒಡಸಾಕಿಲ್ವಾ? ಅಂಗೆ ಕಣಿ!"

"ಅಂಗಾ! ಅದ್ನ ಮೊದ್ಲೇ ಏಳದಲ್ವಾ?" ಎಂದು ಗೌಡರು ನನ್ನ ಮೇಲೆ ರೇಗಿದರು.

ಮೊಲ ಹಿಡಿದುಕೊಂಡು ಬಸ್ಸು ಹತ್ತಿದೆ.

೩. ಆಯುಧಪೂಜೆ

ಹಬ್ಬಕ್ಕೆಂದು ಗುತ್ತಲಿನ ನಮ್ಮ ಮನೆಗೆ ಹೋಗಿದ್ದೆ. ತಿರುಗಿ ಆಸ್ಪತ್ರೆಗೆ ಬಂದು ಮೊಳೆಗಳಿದ್ದ ಟ್ರೇ ತೆರೆದೆ. ಹನ್ನೆರಡು ಮೊಳೆಗಳೂ ಹೊಳೆಯುತ್ತಿದ್ದವು. ಒಂದೊಂದಕ್ಕೂ ಕುಂಕುಮ.

ಆಸ್ಪತ್ರೆಯ ಆಯಾ ಹೆಮ್ಮೆಯಿಂದ ನಿಂತಿದ್ದಳು. "ಆರ್ ಮೊಳೆ ಏನ್ ಗಲೀಜಾಗಿದ್ವಪ್ಪ! ಇಟ್ಗೆಪುಡೀಲಿ ತಿಕ್ಕಿದ್ರೂ ಬಗ್ಗಲಿಲ್ಲ. ಸಾಣೆಯವನ್ ಕೈಲಿ ಕೊಟ್ಟು ಉಜ್ಜುಸ್ದೆ. ಅಬ್ಬದ್ ದಿನ ಅಂಗೇ ಇಡಕಾಯ್ತದಾ?"

ನಾನು ಕಿರುಚಿದೆ. "ಒರಟೇ ಬೇಕಿತ್ತು! ಒರಟು! ಒರಟು!" ವಾರ್ಡಿನಲ್ಲಿ ಕಾಲು ಮುರಿದುಕೊಂಡವರೂ ಎದ್ದು ಕೂತರು.

ಅವಳು ಮುಖ ಊದಿಸಿಕೊಂಡು ಹೋದಳು. ಮಾರನೆಯ ಬೆಳಿಗ್ಗೆ ಟ್ರೇಯನ್ನು ನನ್ನ ಮುಂದೆ ಕುಕ್ಕಿದಳು. ರಾತ್ರಿಯೆಲ್ಲ ಬಚ್ಚಲ ಕಲ್ಲಿಗೆ ತಿಕ್ಕಿದ್ದಳಂತೆ.

"ತಗಳಪ್ಪ, ಒರಟು. ಅನ್ನೆರಡ್ನೂ ತಿಕ್ಕಿವ್ನಿ. ಒಂದೂ ಬುಟ್ಟಿಲ್ಲ."

೪. ಮತ್ತೆ ಮದ್ದೂರು

ಈಗ ನುಣುಪು ಮೊಳೆ ಒಂದೂ ಇರಲಿಲ್ಲ. ಹನ್ನೆರಡನ್ನೂ ಲೇತಿನವನ ಮುಂದೆ ಸುರಿದೆ. "ಆರನ್ನು ಮಾತ್ರ ನುಣುಪು ಮಾಡಿ. ಆರನ್ನು ಮುಟ್ಟಬೇಡಿ" ಎಂದು ಮೂರು ಸಲ ಹೇಳಿದೆ. ಕಾಗದದ ಮೇಲೂ ಬರೆದುಕೊಟ್ಟೆ.

ಅವನ ಮುಖ ಅರಳಿತು. "ಈಗ ದಾರಿಗ್ ಬಂದ್ರಿ ಸ್ವಾಮಿ! ಸನಿವಾರ ಬನ್ನಿ."

ಶನಿವಾರ ಪೊಟ್ಟಣ ಸಿದ್ಧವಾಗಿತ್ತು. ಮಂಡ್ಯಕ್ಕೆ ಬಂದು ಡಾಕ್ಟರ ಮೇಜಿನ ಮೇಲೆ ಬಿಚ್ಚಿದೆ. ಹನ್ನೆರಡೂ ಕನ್ನಡಿಯಂತಿದ್ದವು. ಡಾಕ್ಟರು ಒಂದನ್ನು ಎತ್ತಿಕೊಂಡು ಅದರಲ್ಲಿ ತಮ್ಮ ಮೀಸೆ ನೋಡಿಕೊಂಡರು.

"ಮೊಲಗಳನ್ನ ಗೌಡ್ರಿಗೆ ವಾಪಸ್ ಕೊಟ್ಟುಬಿಡಪ್ಪ" ಎಂದರು.

ವರದಿ ಬರೆಯಲೇ ಇಲ್ಲ. ನನ್ನ ಹೆಸರು ಎಲ್ಲಿಯೂ ಬರಲಿಲ್ಲ. ಇಡೀ ಪ್ರಯೋಗದಿಂದ ಕೊನೆಗೆ ಬರಹದಲ್ಲಿ ಉಳಿದ ಹೆಸರು ಒಂದೇ. ಈ ಸಲ ಪೊಟ್ಟಣದ ಮೇಲೆ ಲೇತಿನವನು ತನ್ನದೇ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ.