ನನ್ನ ಹಸುವಿಗೆ ಊರೆಲ್ಲ ಹುಲ್ಲು ಬೇಡಿದವರಿಗೆ

ಗೆ,
'ಚಿನ್ನದ ಹೊಲ' ಎಂಬ ಮೊಬೈಲ್ ಆಟದ ಮಾಲೀಕರು,
ಅವರು ಯಾರೇ ಆಗಿರಲಿ, ಯಾವ ದೇಶದಲ್ಲೇ ಇರಲಿ.

ಮಾನ್ಯರೇ,

ಪದ್ಮನಾಭನಗರದ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ಒಂಬತ್ತು ವರ್ಷಗಳಿಂದ ಕಾರ್ಯದರ್ಶಿಯಾಗಿರುವ ಪಿಳ್ಳಣ್ಣನೆಂಬ ನಾನು, ಅರವತ್ತೆಂಟರ ಈ ವಯಸ್ಸಿನಲ್ಲಿ, ಎರಡೂ ಕೈ ಜೋಡಿಸಿ ತಮಗೆ ನಮಸ್ಕರಿಸುತ್ತೇನೆ. ಎರಡೂ ಕೈ ಜೋಡಿಸಿದ್ದೇನೆಂದರೆ ಈ ಹೊತ್ತು ಫೋನು ನನ್ನ ಕೈಯಲ್ಲಿಲ್ಲ ಎಂದು ತಾವು ತಿಳಿಯಬೇಕು. ಕಳೆದ ಐದು ತಿಂಗಳಲ್ಲಿ ಇದು ಅಪರೂಪದ ಸಂಗತಿ ಎಂಬುದು ನನಗಿಂತ ತಮಗೇ ಚೆನ್ನಾಗಿ ಗೊತ್ತಿರುತ್ತದೆ.

ದೂರು ಹೇಳುವ ಮೊದಲು ತಮ್ಮ ಉಪಕಾರವನ್ನು ನೆನೆಯದಿದ್ದರೆ ನಾನು ಕೃತಘ್ನನಾಗುತ್ತೇನೆ. ಹುಳಿಮಾವು ಕೆರೆಯ ಕೆಳಗೆ ನಮ್ಮಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಎರಡು ಎಕರೆಯನ್ನು ಲೇಔಟ್‌ನವರಿಗೆ ಕೊಟ್ಟು, ಇಲ್ಲೊಂದು ಮನೆ, ಬಿಟಿಎಂ ಬಡಾವಣೆಯಲ್ಲೊಂದು ಬಾಡಿಗೆ ಕಟ್ಟಡ ಮಾಡಿಕೊಂಡು ಹಾಯಾಗಿದ್ದವನು ನಾನು. ಕೈಗೆ ಮಣ್ಣು ಮೆತ್ತಿಕೊಂಡು ಇಪ್ಪತ್ತು ವರ್ಷ ದಾಟಿತ್ತು. ಅಂಥವನಿಗೆ ತಾವು, ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿಸದೆ, ಪಹಣಿ ಕೇಳದೆ, ಅಣ್ಣತಮ್ಮಂದಿರ ಸಹಿ ಬೇಕೆನ್ನದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಆರು ಮಡಿ ಹೊಲವನ್ನು ಹೆಸರಿಗೆ ಮಾಡಿಕೊಟ್ಟಿರಿ. ತಮ್ಮ ಹೊಲದಲ್ಲಿ ಟೊಮೆಟೊ ನಾಲ್ಕೇ ನಿಮಿಷಕ್ಕೆ ಹಣ್ಣಾಗುತ್ತದೆ, ಹಸು ಸಗಣಿ ಹಾಕುವುದಿಲ್ಲ, ಮಳೆ ಬೇಕೆಂದರೆ ಮೋಡವನ್ನು ಬೆರಳಲ್ಲಿ ತಟ್ಟಿದರೆ ಮುಗಿಯಿತು. ಇಷ್ಟು ಅನುಕೂಲ ಆಗಲೇ ಇದ್ದಿದ್ದರೆ ನಾನೇಕೆ ಜಮೀನು ಮಾರುತ್ತಿದ್ದೆ ಸ್ವಾಮಿ!

ಈ ಬೇಸಾಯವನ್ನು ನಾನು ಮನೆಯವರಿಂದ ಮುಚ್ಚಿಟ್ಟಿದ್ದೆ. ಕಾರಣ, ನನ್ನ ಹೆಂಡತಿ ಅಕ್ಕಯಮ್ಮ ಆ ಎರಡು ಎಕರೆಯಲ್ಲಿ ಬಿಸಿಲು ಮಳೆ ಎನ್ನದೆ ಕಳೆ ಕಿತ್ತವಳು. ನಿಜವಾದ ಹೊಲ ಇದ್ದಾಗ ಎಂಟು ಗಂಟೆಗೂ ಏಳದವರು ಈ ಬೊಂಬೆ ಹೊಲಕ್ಕೆ ಐದಕ್ಕೇ ಎದ್ದು ನೀರು ಬಿಡುತ್ತೀರಲ್ಲ ಎಂದು ಆಕೆ ಕೇಳಿಯೇ ತೀರುತ್ತಿದ್ದಳು. ಸಾಲದ್ದಕ್ಕೆ, ನಮ್ಮ ಮನೆಯಲ್ಲಿ ಮೊಬೈಲ್ ಆಟ ಆಡಕೂಡದು ಎಂದು ಕಟ್ಟಪ್ಪಣೆ ಮಾಡಿದವನೂ ನಾನೇ. ಆದ್ದರಿಂದ ಪಾರ್ಕಿನ ಪಕ್ಕದ ಸಂಘದ ಕೊಠಡಿಯಲ್ಲಿ ಕದ ಹಾಕಿಕೊಂಡು, ನೀರಿನ ಟ್ಯಾಂಕರಿನ ಪಟ್ಟಿ ನೋಡುತ್ತಿದ್ದೇನೆಂದು ಹೇಳಿ, ಟೊಮೆಟೊ ಕೀಳುತ್ತಿದ್ದೆ.

ಇನ್ನು ದೂರಿಗೆ ಬರುತ್ತೇನೆ. ಹೋದ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಪಾರ್ಕಿನ ಮಂಟಪದಲ್ಲಿ ನನ್ನದೊಂದು ಭಾಷಣವಿತ್ತು. ವಿಷಯ ಏನೆಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: 'ಮೊಬೈಲ್ ಯುಗದಲ್ಲಿ ನಮ್ಮ ಖಾಸಗಿತನ ಮತ್ತು ಮಕ್ಕಳ ಭವಿಷ್ಯ.' ಮೈಕು ಸರಿಯಾಗುವವರೆಗೆ ಸುಮ್ಮನೆ ಕೂರುವುದೇಕೆಂದು ಹೊಲದ ಕಡೆ ಕಣ್ಣಾಡಿಸಿದೆ. ಏಳನೆಯ ಮಡಿ ಬೇಕಾದರೆ ನೆರೆಹೊರೆಯವರನ್ನು ಕರೆಯಿರಿ ಎಂದು ತಾವು ಕೇಳಿದಿರಿ, ನಾನು ಹಸಿರು ಗುಂಡಿ ಒತ್ತಿದೆ, ಫೋನನ್ನು ಜೇಬಿಗೆ ಹಾಕಿಕೊಂಡು ವೇದಿಕೆ ಹತ್ತಿದೆ.

ತಾವು ನನ್ನ ಒಪ್ಪಿಗೆ ಪಡೆಯಲಿಲ್ಲ ಎಂದು ಸುಳ್ಳು ಹೇಳಲಾರೆ. ಹದಿನೇಳು ಪುಟದ ಇಂಗ್ಲಿಷಿನಲ್ಲಿ ವಿನಯವಾಗಿಯೇ ಕೇಳಿದ್ದೀರಿ. ಬಾಡಿಗೆಗೆ ಬರುವವರಿಗೆ ಆಧಾರ್ ಪ್ರತಿ ಕೊಡಿ, ಊರಿನ ವಿಳಾಸ ಕೊಡಿ, ಮದುವೆಯಾಗಿದೆಯೇ, ಮನೆಗೆ ಯಾರು ಯಾರು ಬರುತ್ತಾರೆ, ಮೊಟ್ಟೆ ತಿನ್ನುತ್ತೀರಾ ಎಂದು ಬೆವರಿಳಿಸುವ ನಾನು, ತಮ್ಮನ್ನು ಮಾತ್ರ ಒಂದೇ ಒಂದು ಪ್ರಶ್ನೆ ಕೇಳದೆ, ಮುಂಗಡವನ್ನೂ ಹಿಡಿಯದೆ, ನೇರವಾಗಿ ನಡುಮನೆಗೆ ಬಿಟ್ಟುಕೊಂಡೆ. ಸಂಘದ ಕಾರ್ಯದರ್ಶಿಯಾದ್ದರಿಂದ ಬಡಾವಣೆಯ ಎಲ್ಲ ಮನೆಗಳ ನಂಬರು, ನೀರಿನ ವಾಲ್ವ್ ತಿರುಗಿಸುವವರು, ಲೈನ್‌ಮ್ಯಾನ್, ಪುರೋಹಿತರು, ಸೊಸೆಯ ತವರಿನವರು, ಹೀಗೆ ಆರುನೂರ ಹದಿನಾಲ್ಕು ಜನ ನನ್ನ ಫೋನಿನಲ್ಲಿದ್ದರು. ನಂಬಿ ಕೊಟ್ಟಿದ್ದ ನಂಬರುಗಳು. ಅಷ್ಟನ್ನೂ ತಮಗೆ ಹರಿವಾಣದಲ್ಲಿಟ್ಟು ಕೊಟ್ಟೆ.

ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ನಮಗೇ ತಿಳಿಯದಂತೆ ನಮ್ಮ ಫೋನಿನಿಂದ ನಮ್ಮ ವಿಷಯ ಹೊರಗೆ ಹೋಗುತ್ತದೆ ಎಂದು ನಾನು ಬೆರಳೆತ್ತಿ ಹೇಳುತ್ತಿದ್ದ ಹಾಗೆಯೇ ಮಂಟಪದಲ್ಲಿದ್ದ ಅರವತ್ತು ಫೋನುಗಳು ಒಟ್ಟಿಗೆ ಟಿಂಗ್ ಎಂದವು. ಎಲ್ಲರ ಪರದೆಯ ಮೇಲೂ ಒಂದು ಹಸು ಕುಣಿಯುತ್ತಿತ್ತು. ಕೆಳಗೆ, ಪಿಳ್ಳಣ್ಣ ಅವರ ಹಸು ಹಸಿದಿದೆ, ನೀವು ಬಂದು ಹುಲ್ಲು ಹಾಕುವಿರಾ ಎಂದು ಬರೆದಿತ್ತು. ನಮ್ಮ ಅಧ್ಯಕ್ಷರಾದ ಅನಂತರಾಮು ಅವರು ಇದು ಭಾಷಣದ ಭಾಗವೇ ಇರಬೇಕೆಂದು, ಎಂಥ ಒಳ್ಳೆಯ ಉದಾಹರಣೆ ಎಂದು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಲ್ಲಿಗೇ ಮುಗಿದಿದ್ದರೆ ನಾನು ಮಹಾ ಬುದ್ಧಿವಂತನೆಂದು ಹೆಸರು ಪಡೆದು ಮನೆಗೆ ಹೋಗುತ್ತಿದ್ದೆ. ಆದರೆ ಮುಂದಿನ ಸಾಲಿನಿಂದ ಯಾರೋ, ಇದನ್ನು ನಿಮ್ಮ ಫೋನಿಗೆ ಹಾಕಿದ್ದು ಯಾರು ಸಾರ್ ಎಂದು ಕೇಳಿಬಿಟ್ಟರು.

ಮಾನ್ಯರೇ, ಇಲ್ಲಿಯವರೆಗಿನದು ತಮ್ಮ ತಪ್ಪೆಂದು ವಾದಿಸಬಹುದು. ಮುಂದಿನದು ಪೂರ್ತಿ ನನ್ನದು. ಎರಡನೆಯ ಸಾಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ನನ್ನ ಭಾಷಣಕ್ಕೆ ಚಿತ್ರ ತೋರಿಸಲು ಕುಳಿತಿದ್ದವಳು ನನ್ನ ಮೊಮ್ಮಗಳು ಸಂಗೀತಾ, ಹತ್ತನೆಯ ತರಗತಿ. ನಾನು ಅವಳ ಕಡೆ ನೋಡಿ, ಮೈಕಿನಲ್ಲಿ, "ಮಕ್ಳ ಕೈಗೆ ಫೋನ್ ಕೊಟ್ರೆ ಹಿಂಗೇ ಆಗೋದು" ಎಂದೆ. ಎಲ್ಲರೂ ನಕ್ಕು ಅವಳತ್ತ ತಿರುಗಿದರು. ಹುಡುಗಿ ತಲೆ ತಗ್ಗಿಸಿದಳು. ನಾನು ಭಾಷಣ ಮುಂದುವರಿಸಿದೆ.

ಅವತ್ತೇ ಸೊಸೆ ಶಾಲಿನಿ ಮಗಳ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ನಾನಲ್ಲ ಅಮ್ಮ ಎಂದು ಅವಳು ಒಮ್ಮೆ ಹೇಳಿ ನನ್ನ ಮುಖ ನೋಡಿದಳು. ನಾನು ಪೇಪರಿನಲ್ಲಿ ತಲೆ ಹುದುಗಿಸಿದೆ. ಫೋನು ಹೋದದ್ದು ದೊಡ್ಡ ಮಾತಲ್ಲ. ಈ ಮಗು ಪ್ರತಿ ಶನಿವಾರ ಸಂಜೆ ಅದೇ ಮಂಟಪದಲ್ಲಿ ನಮ್ಮಂಥ ಮುದುಕರನ್ನು ಕೂರಿಸಿಕೊಂಡು, ಮೋಸದ ಕರೆಯನ್ನು ಹೇಗೆ ಗುರುತಿಸುವುದು, ಯಾವ ಗುಂಡಿ ಒತ್ತಬಾರದು ಎಂದು ತಾಳ್ಮೆಯಿಂದ ಹೇಳಿಕೊಡುತ್ತಿದ್ದಳು. ಆ ಭಾನುವಾರದ ನಂತರ ಅವಳ ಕೈಗೆ ಯಾರೂ ಫೋನು ಕೊಡುತ್ತಿಲ್ಲ. ಮೊದಲ ಶನಿವಾರ ಒಬ್ಬಳೇ ಅರ್ಧ ಗಂಟೆ ಕುಳಿತು ಎದ್ದು ಬಂದಳು. ಆಮೇಲೆ ಹೋಗಲೇ ಇಲ್ಲ. ನನ್ನ ಫೋನೇ ತಾನಾಗಿ ಏನೋ ಮಾಡಿಕೊಂಡಿರಬೇಕೆಂದು ಅವಳು ನಂಬಿದ್ದಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆರುನೂರ ಹದಿನಾಲ್ಕು ಜನರಲ್ಲಿ ತಮ್ಮ ಕರೆಗೆ ಓಗೊಟ್ಟವನು ಒಬ್ಬನೇ, ಬಿಟಿಎಂನ ನನ್ನ ಬಾಡಿಗೆದಾರ ಸಂಗಮೇಶ. ಬಾಗಲಕೋಟೆ ಕಡೆಯ ಒಳ್ಳೆಯ ಹುಡುಗ. ಕರೆ ಮಾಡಿ, "ಕಾಕಾರ, ನಿಮ್ಮ ಹೊಲಕ್ಕ ನೀರ ಬಿಟ್ಟೇನ್ರಿ, ಚಿಂತಿ ಮಾಡಬ್ಯಾಡ್ರಿ" ಎಂದ. ಹೋದ ವರ್ಷ ಬೇಸಿಗೆಯಲ್ಲಿ ಅವನ ನಲ್ಲಿಗೆ ಎಂಟು ದಿನ ನೀರು ಬಿಡಿಸಲಾಗದ ಮಾಲೀಕ ನಾನು.

ಈಗ ನನ್ನ ಬೇಡಿಕೆಗಳು. ತಮ್ಮ ಹಸುವಿಗೆ ದಯವಿಟ್ಟು ಸಗಣಿ ಬರುವಂತೆ ಮಾಡಿ; ಮೈಗೆ ಮೆತ್ತಿದರೆ ನಾನು ಎರಡೇ ದಿನದಲ್ಲಿ ಬಿಟ್ಟುಬಿಡುತ್ತೇನೆ, ನನ್ನ ಚರಿತ್ರೆಯೇ ಅದಕ್ಕೆ ಸಾಕ್ಷಿ. ಹಸಿರು ಗುಂಡಿಯನ್ನು ಒತ್ತಲು ಹೋಗುವ ಹಿರಿಯರ ಕೈ ಮೇಲೆ ಒಂದು ಪೆಟ್ಟು ಕೊಡಲು ಪ್ರತಿ ಬಡಾವಣೆಗೂ ಒಬ್ಬರನ್ನು ನೇಮಿಸಿ. ಇವೆರಡೂ ಆಗದಿದ್ದರೆ ಮೂರನೆಯದನ್ನಾದರೂ ನಡೆಸಿಕೊಡಿ: ಅದೇ ಆರುನೂರ ಹದಿನಾಲ್ಕು ಜನಕ್ಕೆ, ಅದೇ ಹಸುವಿನ ಬಾಯಲ್ಲಿ, ಗುಂಡಿ ಒತ್ತಿದವನು ಪಿಳ್ಳಣ್ಣನೇ, ಸಂಗೀತಾ ಅಲ್ಲ ಎಂದು ಹೇಳಿಸಿ. ಭವಿಷ್ಯ ಹಾಳಾಗುವುದು ಮಕ್ಕಳ ಕೈಯಲ್ಲಿರುವ ಫೋನಿನಿಂದ ಎಂದು ಅಂದು ಭಾಷಣ ಬಿಗಿದೆ. ಹಾಳು ಮಾಡಲು ಒಬ್ಬ ಹಿರಿಯನ ಬಾಯಿ ಸಾಕು ಎಂದು ಅದಕ್ಕೆ ಸೇರಿಸಿ ಓದಿಕೊಳ್ಳಬೇಕಾಗಿ ವಿನಂತಿ.

ಇಂತಿ, ಹುಲ್ಲಿಗಾಗಿ ಊರೆಲ್ಲ ಕೈಯೊಡ್ಡಿಯೂ ಒಂದು ಲೋಟ ಹಾಲು ಕಾಣದ,
ತಮ್ಮ ವಿಶ್ವಾಸಿ,
ಪಿಳ್ಳಣ್ಣ

ತಾ.ಕ. (ತಮ್ಮ ಪ್ರತಿಗೆ ಮಾತ್ರ, ಕೈಬರಹದಲ್ಲಿ): ನನಗೆ ಕನ್ನಡ ಟೈಪಿಂಗ್ ಬಾರದು. ಆದ್ದರಿಂದ ಈ ಪತ್ರವನ್ನು ನಿನ್ನೆ ಸಂಜೆ ಸಂಗೀತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಫೋನಿನಲ್ಲೇ ಬರೆಸಿದೆ. ಹಸಿರು ಗುಂಡಿ ಒತ್ತಿದೆ ಎಂಬಲ್ಲಿಗೆ ಬಂದಾಗ ಅವಳ ಬೆರಳು ನಿಂತಿತು. ತಲೆಯೆತ್ತದೆ, "ಗೊತ್ತಿತ್ತು ತಾತ. ನೀವೇ ಹೇಳ್ಲಿ ಅಂತ ಸುಮ್ನಿದ್ದೆ" ಎಂದಳು. ಯಾವಾಗಿನಿಂದ ಎಂದು ಕೇಳದೆ ನಾನು ಮುಂದಿನ ಸಾಲು ಹೇಳಿದೆ. ಎಲ್ಲ ಬರೆದು ಮುಗಿಸಿ, ಈ ಪತ್ರ ಅವರಿಗೂ ಹೋಗಲೆಂದು ಆರುನೂರ ಹದಿನಾಲ್ಕು ಹೆಸರನ್ನೂ ಗುರುತು ಹಾಕಿ, ಕಳುಹಿಸುವುದನ್ನು ಮಾತ್ರ ನೀವೇ ಒತ್ತಬೇಕೆಂದು ಫೋನನ್ನು ನನ್ನ ಕೈಗಿಟ್ಟಳು. ತಾವು ಒಂದು ಕ್ಷಣದಲ್ಲಿ ಮಾಡಿದ ಕೆಲಸಕ್ಕೆ ನನಗೆ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷವೂ ಅವಳು ನನ್ನ ಪಕ್ಕದಿಂದ ಏಳಲಿಲ್ಲ.